ಒಂದೇ ಸಲ ಕರೆದರೆ

ಮಣಿಪಾಲದಲ್ಲಿ ನಾವಿರುವ ಫ್ಲ್ಯಾಟಿನ ಹಿಂದೆ ಒಂದು ಖಾಲಿ ಸೈಟಿದೆ. ಯಾರೋ ದುಬೈಯಲ್ಲಿರುವವರದ್ದಂತೆ. ಕಟ್ಟುತ್ತೇವೆ, ಕಟ್ಟುತ್ತೇವೆ ಎನ್ನುತ್ತಲೇ ಅದು ಕಾಡಾಗಿ ಹೋಗಿದೆ. ಮೊನ್ನೆ ಬೆಳಿಗ್ಗೆ ಇಬ್ಬರು ಬಂದು ಮೆಷಿನ್ ಹಚ್ಚಿ ಆ ಕಾಡನ್ನು ಸವರತೊಡಗಿದರು. ನಾನು ದೋಸೆ ಹೊಯ್ಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಮಾವಿನ ಸೊನೆಗೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿದಂಥ, ಹಿತವೆನ್ನಲಾಗದ, ಆದರೆ ಒಮ್ಮೆ ಮೂಗಿಗೆ ಹತ್ತಿದರೆ ಇನ್ನೊಮ್ಮೆ ಎಳೆದುಕೊಳ್ಳಬೇಕೆನಿಸುವ ಹಸಿ ವಾಸನೆ. ನಾನು ಸಟ್ಟುಗ ಹಿಡಿದು ಹಾಗೆಯೇ ನಿಂತುಬಿಟ್ಟೆ. ಬೆನ್ನ ಹಿಂದೆ ಯಾರೋ ಇದ್ದಾರೆ, ನನ್ನ ಬಾಯಿಯ ಮೇಲೆ ಯಾರೋ ಕೈ ಇಡುತ್ತಾರೆ ಎನ್ನಿಸಿತು. "ಎಂತ ಮಾರಾಯ್ತಿ, ದೋಸೆ ಸೀಯ್ತಾ ಉಂಟಲ್ಲ" ಎಂದು ಗಂಡ ಹೊರಗಿನಿಂದ ಹೇಳಿದ ಮೇಲೆಯೇ ಕಾವಲಿ ಕೆಳಗಿಳಿಸಿದ್ದು.

ಆ ಗಿಡವನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಕಡೆ ಅದನ್ನು ನೋಡದೆ ಬಸ್ಸಿನಲ್ಲಿ ಒಂದು ಸ್ಟಾಪ್ ದಾಟುವುದು ಕಷ್ಟ. ಆಳೆತ್ತರದ ಪೊದೆ, ಮೂರು ಮೂಲೆಯ ಒರಟು ಎಲೆ. ಮಳೆ ಬಿಟ್ಟು ಚಳಿ ಹತ್ತುವಾಗ ತುದಿ ತುಂಬ ಸಣ್ಣ ಸಣ್ಣ ಹೂ, ತಿಳಿನೇರಳೆಯೋ ಬಿಳಿಯೋ ಎಂದು ಖಂಡಿತವಾಗಿ ಹೇಳಲಾಗದ ಬಣ್ಣ. ಪುಸ್ತಕದಲ್ಲಿ ಬೇರೇನೋ ಹೆಸರಿದೆ, ನಮಗೆ ಮಾತ್ರ ಅದು ಕಮ್ಯುನಿಸ್ಟ್ ಗಿಡ. ಎಲ್ಲಿಂದ ಬಂತು, ಯಾರು ತಂದರು ಎಂದು ವಿಚಾರಿಸುವಷ್ಟರಲ್ಲಿ ಊರು ತುಂಬಿಕೊಂಡಿತ್ತು, ಅದಕ್ಕೇ ಆ ಹೆಸರು ಎನ್ನುತ್ತಾರೆ. ನನ್ನ ಅಜ್ಜಿಯ ಮಟ್ಟಿಗೆ ಕಮ್ಯುನಿಸ್ಟ್ ಎಂದರೆ ಮೊದಲು ಗಿಡ, ಪಕ್ಷವೆಲ್ಲ ಆಮೇಲೆ. ಒಮ್ಮೆ ಓಟು ಕೇಳಲು ಬಂದವರು ತಮ್ಮ ಪಕ್ಷದ ಹೆಸರು ಹೇಳಿದಾಗ ಅಜ್ಜಿ ಹಿತ್ತಿಲಿಗೆ ಕೈ ತೋರಿಸಿ, "ನಮ್ಮಲ್ಲಿ ಬೇಕಾದಷ್ಟು ಉಂಟು, ಕಡ್ಕೊಂಡು ಹೋಗಿ" ಎಂದದ್ದನ್ನು ಅಮ್ಮ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದಳು. ಮುಂದೆ ನಾನು ಕಾಲೇಜಿಗೆ ಹೋದಾಗ ಅದು ಸೇವಂತಿಗೆಯ ಬಳಗದ್ದೆಂದು ಓದಿ ಬಂದು ಹೇಳಿದೆ. ಅಜ್ಜಿ ನಂಬಲಿಲ್ಲ. "ಸೇವಂತಿಗೆಗೆ ಇಂಥ ದಾಯಾದಿಯಾ? ಪಾಪ" ಎಂದರು.

ನಮ್ಮ ಮನೆ ಕಾಪುವಿನಿಂದ ಒಳಗೆ, ಒಂದು ಪದವಿನ ಅಂಚಿನಲ್ಲಿತ್ತು. ಪದವು ಎಂದರೆ ಮುರಕಲ್ಲಿನ ಬಯಲು. ಮಳೆಗಾಲದಲ್ಲಿ ಹುಲ್ಲು, ಬೇಸಗೆಯಲ್ಲಿ ಬರಿಗಾಲಿಟ್ಟರೆ ಬೊಬ್ಬೆ ಬರುವ ಕೆಂಪು ಕಲ್ಲು. ಹಂಚಿನ ಸಣ್ಣ ಮನೆ, ಮುಂದೆ ಸೆಗಣಿ ಸಾರಿಸಿದ ಅಂಗಳ, ಪಕ್ಕದಲ್ಲಿ ಎರಡು ದನಗಳಿದ್ದ ಹಟ್ಟಿ. ಮನೆಯಲ್ಲಿ ಗಂಡಸರಿರಲಿಲ್ಲ. ಅಜ್ಜ ನಾನು ಹುಟ್ಟುವ ಮೊದಲೇ ಹೋಗಿದ್ದರು, ಅಪ್ಪ ಮಸ್ಕತ್ತಿನಲ್ಲಿದ್ದ. ಅಜ್ಜಿ, ಅಮ್ಮ, ಅಮ್ಮನ ತಂಗಿ ಗುಲಾಬಿ ಚಿಕ್ಕಮ್ಮ ಮತ್ತು ನಾನು, ಇಷ್ಟೇ ನಮ್ಮ ಸಂಸಾರ. ಚಿಕ್ಕಮ್ಮನಿಗೆ ಆಗ ಮದುವೆಯಾಗಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಕತ್ತಿ, ಹಗ್ಗ ಹಿಡಿದು ಪದವಿಗೆ ಹೋಗಿ ಹಟ್ಟಿಗೆ ಹಾಸಲು ಕಮ್ಯುನಿಸ್ಟ್ ಸೊಪ್ಪು ಕಡಿದು ತರುವುದು ಅವರ ಕೆಲಸ. ತಲೆಹೊರೆ ಹೊತ್ತು ಬರುವಾಗ ಮುಖ ಕಾಣುತ್ತಿರಲಿಲ್ಲ, ಒಂದು ಪೊದೆಯೇ ಕಾಲು ಬಂದು ಅಂಗಳಕ್ಕೆ ನಡೆದ ಹಾಗೆ ಇರುತ್ತಿತ್ತು. ಹೊರೆ ಇಳಿಸಿದ ಮೇಲೆ ಅವರ ಕೈ, ಸೀರೆ, ಕೂದಲು ಎಲ್ಲ ಅದೇ ವಾಸನೆ. ನಾನು ಅವರ ಪಕ್ಕದಲ್ಲಿ ಮಲಗುತ್ತಿದ್ದೆ, ಹಾಗಾಗಿ ಆ ವಾಸನೆ ನನಗೆ ನಿದ್ದೆಯ ವಾಸನೆಯೂ ಆಗಿತ್ತು.

ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಯಾರನ್ನು ಕರೆದರೂ ಎರಡು ಸಲ ಕರೆಯಬೇಕು. ಸತ್ತವರು ಸದ್ಗತಿ ಸಿಗದೆ ಉಳಿದರೆ ಅವರನ್ನು ನಮ್ಮಲ್ಲಿ ಕುಲೆ ಎನ್ನುತ್ತಾರೆ. ಕುಲೆ ಒಂದೇ ಸಲ ಕರೆಯುತ್ತದೆ, ಎರಡನೆಯ ಸಲ ಕರೆಯುವ ಶಕ್ತಿ ಅದಕ್ಕಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಆದ್ದರಿಂದ ಒಂದೇ ಕರೆಗೆ ಓಗೊಡಬಾರದು. ಓ ಎಂದೆವೋ, ನಾವು ಅದರ ಹಿಂದೆ ಹೋಗಬೇಕಾಗುತ್ತದೆ. ಹೀಗಾಗಿ ನಾನು ನಮ್ಮ ಮನೆಯಲ್ಲಿ ಯಾವತ್ತೂ ಬರೀ ಸುಜಾ ಆಗಿರಲಿಲ್ಲ, "ಸುಜಾ, ಸುಜಾ" ಆಗಿದ್ದೆ. ಶಾಲೆಯಲ್ಲಿ ಟೀಚರು ಹಾಜರಿ ಕರೆಯುವಾಗ ನಾನು ಎರಡನೆಯ ಸಲಕ್ಕೆ ಕಾದು ಕುಳಿತದ್ದರಿಂದ, ಇವಳಿಗೆ ಕಿವಿ ಸ್ವಲ್ಪ ಮಂದ ಎಂದು ಅವರು ಅಮ್ಮನಿಗೆ ಹೇಳಿ ಕಳುಹಿಸಿದ್ದರು. ಪಕ್ಕದ ಮನೆಯ ಲಾರೆನ್ಸ್ ಪೊರ್ಬು ನಮ್ಮಲ್ಲಿಗೆ ಬರುವಾಗ ಬೇಲಿಯ ದಣಪೆಯ ಹತ್ತಿರ ನಿಂತು, "ಅಕ್ಕಾ, ಅಕ್ಕಾ, ಕುಲೆ ಅಲ್ಲ, ನಾನು" ಎಂದು ಬೇಕೆಂದೇ ಕೂಗುತ್ತಿದ್ದರು. ಅಜ್ಜಿಗೆ ಅದು ತಮಾಷೆಯಾಗಿ ಕಾಣುತ್ತಿರಲಿಲ್ಲ.

ಕಾಣದಿರಲು ಕಾರಣವಿತ್ತು. ಅಮ್ಮನಿಗಿಂತ ಮೊದಲು ಅಜ್ಜಿಗೆ ಒಬ್ಬ ಮಗನಿದ್ದ. ಮೂರು ವರ್ಷದವನಿದ್ದಾಗ ಜ್ವರ ಬಂದು ತೀರಿಹೋದ. ಅಷ್ಟು ಸಣ್ಣ ಮಕ್ಕಳನ್ನು ಸುಡುವುದಿಲ್ಲ. ಪದವಿನ ಬದಿಯಲ್ಲಿ ಮಣ್ಣು ಮಾಡಿ ತಲೆಯ ಕಡೆಗೊಂದು ಕಲ್ಲಿಟ್ಟಿದ್ದರು. ಆಮೇಲೆ ಗಿಡ ಬಂತು. ಕಲ್ಲು ಎಲ್ಲಿತ್ತೆಂದು ಅಜ್ಜಿಗೂ ಸರಿಯಾಗಿ ತೋರಿಸಲಾಗದಷ್ಟು ದಟ್ಟವಾಗಿ ಬಂತು. ಕಡಿದಷ್ಟೂ ಚಿಗುರುವ ಜಾತಿ ಅದು. ಬೇಸಗೆಯಲ್ಲಿ ಬೆಂಕಿ ಬಿದ್ದು ಬೂದಿಯಾದರೂ ಒಂದು ಮಳೆಗೆ ಬುಡದಿಂದ ಮತ್ತೆ ಎದ್ದು ನಿಲ್ಲುತ್ತದೆ. ಹೂ ಬಿಡುವ ತಿಂಗಳಲ್ಲಿ ಅದರ ಮೇಲೆ ಚಿಟ್ಟೆಗಳ ದಂಡು, ಜೇನುನೊಣದ ಗುಂಯ್ ಎನ್ನುವ ಸದ್ದು. ಒಳಗೆ ಹೊಕ್ಕವರು ಮಾತಾಡಿದರೆ ಯಾವ ದಿಕ್ಕಿನಿಂದ ಎಂದು ತಿಳಿಯುತ್ತಿರಲಿಲ್ಲ. ಆ ತಿಂಗಳಲ್ಲೇ ಅಜ್ಜಿ ಕೆಲವೊಮ್ಮೆ ಅಕ್ಕಿ ಆರಿಸುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ, ಪದವಿನ ಕಡೆ ಮುಖ ಮಾಡಿ, ಉಸಿರು ಹಿಡಿದು ಕುಳಿತುಬಿಡುತ್ತಿದ್ದರು. ಎಂತ ಅಜ್ಜಿ ಎಂದರೆ, "ಎಂತದೂ ಇಲ್ಲ, ನಿನ್ನ ಮಾವ" ಎನ್ನುತ್ತಿದ್ದರು. ನನಗೆ ಮೂರು ವರ್ಷದ ಒಬ್ಬ ಮಾವನಿದ್ದಾನೆ, ಅವನು ಗಿಡದ ಒಳಗಿದ್ದಾನೆ, ಒಂದೇ ಸಲ ಕರೆಯುತ್ತಾನೆ, ಅವನಿಗೆ ಉತ್ತರ ಕೊಡಬಾರದು. ಇದನ್ನು ನಾನು ಸೂರ್ಯ ಸಮುದ್ರದ ಕಡೆ ಮುಳುಗುತ್ತಾನೆ ಎಂಬುದನ್ನು ಒಪ್ಪಿಕೊಂಡ ಹಾಗೆಯೇ ಒಪ್ಪಿಕೊಂಡಿದ್ದೆ. ಉತ್ತರ ಕೊಡದೆ ಕೂರಲು ಅಜ್ಜಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ನನಗೆ ಹೊಳೆದದ್ದು, ನಾನೇ ಮಗುವನ್ನು ಹೆತ್ತು, ಅದು ಕರೆದಾಗಲೆಲ್ಲ ಓಡಿದ ಮೇಲೆ.

ಆ ದಿನವೂ ಗಿಡ ಹೂ ಬಿಟ್ಟಿತ್ತು. ನಾನು ನಾಲ್ಕನೆಯ ಕ್ಲಾಸು. ಅವತ್ತು ಯಾಕೋ ಶಾಲೆಗೆ ರಜೆ. ಚಿಕ್ಕಮ್ಮ ಊಟ ಮಾಡಿ ಎಂದಿನಂತೆ ಸೊಪ್ಪಿಗೆ ಹೋದರು. ಅಮ್ಮ ಪೇಟೆಗೆ ಹೋಗಿದ್ದಳು. ಅಜ್ಜಿ ಜಗಲಿಯಲ್ಲಿ ಕಂಬಕ್ಕೊರಗಿ ಎಲೆ ಅಡಿಕೆ ಹಾಕುತ್ತಿದ್ದರು, ನಾನು ಅವರ ಕಾಲ ಬಳಿ ಕುಂಟಲ ಹಣ್ಣಿನ ಒಣ ಬೀಜ ಹರಡಿಕೊಂಡು ಆಡುತ್ತಿದ್ದೆ. ಬಿಸಿಲು ಇನ್ನೂ ಅಂಗಳದ ಮಧ್ಯದಲ್ಲೇ ಇತ್ತು. ಕೋಳಿಗಳೂ ನೆರಳು ಹಿಡಿದು ಸುಮ್ಮನಿದ್ದವು. ಆಗ ಪದವಿನ ಕಡೆಯಿಂದ ಒಂದು ದನಿ ಬಂತು.

"ಅಪ್ಪೇ..."

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಕೂಗಿದ ಹಾಗಿರಲಿಲ್ಲ, ನಿದ್ದೆಯಿಂದ ಎದ್ದವರು ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡು ಕರೆದ ಹಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಕೈ ನನ್ನ ಬಾಯಿಯ ಮೇಲೆ ಬಿತ್ತು. ಸುಣ್ಣ, ಹೊಗೆಸೊಪ್ಪು ವಾಸನೆಯ ಒಣ ಕೈ. ನಾನು ತಲೆಯೆತ್ತಿ ಅವರ ಮುಖ ನೋಡಿದೆ. ತುಟಿಗಳನ್ನು ಎಷ್ಟು ಬಿಗಿಯಾಗಿ ಒತ್ತಿಕೊಂಡಿದ್ದರೆಂದರೆ ಎಲೆಯ ಕೆಂಪು ರಸ ಒಂದು ಬದಿಯಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ. ನಾವಿಬ್ಬರೂ ಎರಡನೆಯ ಕರೆಗೆ ಕಾದೆವು. ಜೇನುನೊಣಗಳ ಸದ್ದು ಮಾತ್ರ ಕೇಳುತ್ತಿತ್ತು. ಎರಡನೆಯ ಕರೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಅಜ್ಜಿ ಕೈ ತೆಗೆದು ಒಳಗೆ ಹೋಗಿ, ಅಷ್ಟು ಬಿಸಿಲಿರುವಾಗಲೇ ದೇವರಿಗೆ ದೀಪ ಹಚ್ಚಿದರು.

ಸಂಜೆ ಹಾಲು ಕರೆಯುವ ಹೊತ್ತಿಗೆ ಅಮ್ಮ ಬಂದು, "ಗುಲಾಬಿ ಎಲ್ಲಿ? ಹಟ್ಟಿಗೆ ಸೊಪ್ಪೇ ಬಿದ್ದಿಲ್ಲ" ಎಂದಾಗ ಅಜ್ಜಿ ಒಂದು ಸಲ ನನ್ನ ಮುಖ ನೋಡಿದರು. ಆ ನೋಟವನ್ನು ಹೇಗೆ ವಿವರಿಸಲಿ? ನಾನು ಏನಾದರೂ ಬೇರೆ ಹೇಳಿಯೇನು, "ಅಜ್ಜಿ, ನನಗೇನೂ ಕೇಳಲೇ ಇಲ್ಲ" ಎಂದೇನು ಎಂಬ ಆಸೆ ಅದರಲ್ಲಿತ್ತು. ಆಮೇಲೆ ಅವರು ಬರಿಗಾಲಲ್ಲಿ ಓಡಿದರು. ಲಾರೆನ್ಸ್ ಪೊರ್ಬು ಕತ್ತಿ ಹಿಡಿದು ಗಿಡ ಸವರುತ್ತ ಮುಂದೆ, ಅಮ್ಮ "ಗುಲಾಬಿ, ಗುಲಾಬಿ" ಎಂದು ಕರೆಯುತ್ತ ಹಿಂದೆ. ಯಾವ ಕರೆಗೂ ಉತ್ತರವಿಲ್ಲ. ಪದವಿನಲ್ಲಿ ಹಿಂದೆ ಯಾವಾಗಲೋ ಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿತ್ತು, ಗೋಡೆಯಂತೆ ನೇರ ಇಳಿದ ಹೊಂಡ. ಅಂಚಿನ ಗಿಡಗಳು ಬಾಗಿ ಬಾಗಿ ಅದರ ಬಾಯನ್ನೇ ಮುಚ್ಚಿದ್ದವು. ಹೂವಿನ ಮಧ್ಯೆ ಒಂದು ಕಡೆ ಮಾತ್ರ ತೂತು ಬಿದ್ದಿತ್ತು. ಚಿಕ್ಕಮ್ಮ ಕೆಳಗಿದ್ದರು. ಕಾಲು ಮುರಿದಿತ್ತು, ಮೀನಖಂಡ ಕತ್ತಿ ತಾಗಿ ಸೀಳಿತ್ತು, ಪ್ರಜ್ಞೆ ಇರಲಿಲ್ಲ. ಜೀವ ಇತ್ತು. ಪೊರ್ಬು ಇಳಿದು ಅವರನ್ನು ಹೆಗಲಿಗೆ ಹಾಕಿಕೊಂಡು ಮೇಲೆ ತಂದು ಅಂಗಳದಲ್ಲಿ ಮಲಗಿಸಿದರು. ಗಾಯದ ಮೇಲೆ ಹಸಿರು ಮುದ್ದೆಯಿತ್ತು, ಅದರ ಮೇಲೆ ಹರಿದ ಸೆರಗಿನ ಕಟ್ಟು. "ಸೊಪ್ಪು ಅಗಿದು ಕಟ್ಟಿದ್ದಾಳೆ, ಬುದ್ಧಿ ಉಂಟು ಹುಡುಗಿಗೆ. ಇಲ್ಲದಿದ್ದರೆ ರಕ್ತ ಹೋಗಿಯೇ ಹೋಗ್ತಿದ್ದಳು" ಎಂದರು ಪೊರ್ಬು. ಕೈ ಕಾಲು ಕೊಯ್ದುಕೊಂಡರೆ ನಾವೆಲ್ಲ ಮಾಡುತ್ತಿದ್ದ ಮದ್ದೇ ಅದು, ಕಮ್ಯುನಿಸ್ಟ್ ರಸ ಬಿದ್ದರೆ ರಕ್ತ ನಿಲ್ಲುತ್ತದೆ. ಆದರೆ ಆ ಮಾತು ಅಜ್ಜಿಗೆ ಬೇರೆಯಾಗಿ ಕೇಳಿತು. ಸೊಪ್ಪು ಅಗಿಯಬೇಕಾದರೆ ಎಚ್ಚರ ಇರಬೇಕು. ಎಚ್ಚರ ಇದ್ದವಳು ಕರೆದೇ ಇರುತ್ತಾಳೆ.

ಮಣಿಪಾಲದ ಆಸ್ಪತ್ರೆಯಲ್ಲಿ ಕಾಲಿಗೆ ಸರಳು ಹಾಕಿದರು. ಚಿಕ್ಕಮ್ಮ ಕಣ್ಣು ಬಿಟ್ಟು ಗಂಜಿ ಕುಡಿಯುವಷ್ಟು ಆದ ದಿನ ಅಜ್ಜಿ ಮಂಚದ ಬಳಿ ಕುಳಿತು ಕೇಳಿದರು. ನಾನು ಅಮ್ಮನ ಜೊತೆ ಅಲ್ಲೇ ಇದ್ದೆ.

"ಮಗಾ, ನೀನು ಕರೆದೆಯಾ?"

ಚಿಕ್ಕಮ್ಮ ಛಾವಣಿಗೆ ಕಣ್ಣು ನೆಟ್ಟು ಹೇಳಿದರು. "ಇಲ್ಲ ಅಪ್ಪೇ. ಬಿದ್ದದ್ದು ಒಂದು ನೆನಪುಂಟು. ಮತ್ತೆ ಎಂತದೂ ಗೊತ್ತಿಲ್ಲ."

"ಸೊಪ್ಪು?"

"ಗೊತ್ತಿಲ್ಲ."

ಅಜ್ಜಿ ಮತ್ತೆ ಕೇಳಲಿಲ್ಲ. ಕೇಳಲಿಲ್ಲ ಎಂದರೆ ನಂಬಿದರೆಂದು ಅರ್ಥವಲ್ಲ. ಚಿಕ್ಕಮ್ಮ ಸುಳ್ಳು ಹೇಳಿದ್ದಾರೆ, ತಮ್ಮನ್ನು ಕಾಪಾಡಲು ಹೇಳಿದ್ದಾರೆ ಎಂದು ಅಜ್ಜಿಗೆ ಗೊತ್ತಾಗಿತ್ತು. ಗೊತ್ತಾಗಿದೆ ಎಂಬುದು ಅಮ್ಮನಿಗೂ ನನಗೂ ಗೊತ್ತಿತ್ತು. ನಾಲ್ಕು ಜನರ ಮನೆಯಲ್ಲಿ ಒಂದು ಮಾತನ್ನು ಯಾರೂ ಆಡದೆ ಇಡುವುದು ಎಷ್ಟು ದೊಡ್ಡ ಕೆಲಸ ಎಂದು ಅಂಥ ಮನೆಯಲ್ಲಿ ಬೆಳೆದವರಿಗೇ ತಿಳಿಯುತ್ತದೆ. ನೀವೂ ಬೆಳೆದಿರಬಹುದು.

ಆಮೇಲೆ ನಮ್ಮ ಮನೆಯ ಕ್ರಮ ಬದಲಾಯಿತು. ಅಜ್ಜಿ ಮೊದಲ ಕರೆಗೇ ಓ ಎನ್ನತೊಡಗಿದರು. ಕರೆ ಮುಗಿಯುವ ಮೊದಲೇ ಓ. ಕಾಗೆ ಕೂಗಿದರೆ, ಬಸ್ಸು ಹಾರನ್ ಹಾಕಿದರೆ, ದನ ಅಂಬಾ ಎಂದರೆ, ಎಲ್ಲದಕ್ಕೂ ಓ. ಮೊದಲು ನಾವು ನಕ್ಕೆವು, ಆಮೇಲೆ ನಗು ಬರಲಿಲ್ಲ. ಹೂ ಬಿಡುವ ತಿಂಗಳಲ್ಲಿ ಅವರು ಮಧ್ಯಾಹ್ನವಿಡೀ ಜಗಲಿಯಲ್ಲಿ ಕುಳಿತು, ಯಾರೂ ಕರೆಯದೆ, ಪದವಿನ ಕಡೆ ಮುಖ ಮಾಡಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಓ, ಓ ಎನ್ನುತ್ತಿದ್ದರು. ಒಳಗೆ ಅಡುಗೆ ಮಾಡುತ್ತಿದ್ದ ಅಮ್ಮನ ಕೈ ಒಂದೊಂದು ಓಗೂ ನಿಲ್ಲುತ್ತಿತ್ತು. ಕುಂಟುತ್ತ ಓಡಾಡುತ್ತಿದ್ದ ಚಿಕ್ಕಮ್ಮ ಮಾತ್ರ ಏನೂ ಕೇಳದವರಂತೆ ಇರುತ್ತಿದ್ದರು. ಗಿಡ ಒಣಗಿ, ಅದರ ಬೀಜಗಳು ಬಿಳಿ ಕೂದಲು ಕಟ್ಟಿಕೊಂಡು ಗಾಳಿಯಲ್ಲಿ ತೇಲಿ ಮನೆಯೊಳಗೆ ಬರುತ್ತಿದ್ದವು. ಅನ್ನದ ಮೇಲೆ, ದೀಪದ ಎಣ್ಣೆಯ ಮೇಲೆ, ಅಜ್ಜಿಯ ತಲೆಯ ಮೇಲೆ. ಅವರು ಅದನ್ನು ಝಾಡಿಸುತ್ತಿರಲಿಲ್ಲ. ಕೆಲವು ಸಲ ಅವರ ಓ ಮುಗಿದ ಮೇಲೆ ಪದವು ಒಂದು ಕ್ಷಣ ಪೂರ್ತಿ ಸ್ತಬ್ಧವಾಗುತ್ತಿತ್ತು, ಜೇನುನೊಣದ ಸದ್ದೂ ಇಲ್ಲದೆ. ನಾನು ಪುಸ್ತಕ ಹಿಡಿದು ಒಳಗೆ ಹೋಗಿಬಿಡುತ್ತಿದ್ದೆ. ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಚಿಕ್ಕಮ್ಮನಿಗೆ ಕಾರ್ಕಳದಲ್ಲಿ ಸಂಬಂಧ ಕೂಡಿಬಂತು. ಬಸ್ ಕಂಡಕ್ಟರ್ ಆಗಿದ್ದ ಚಿಕ್ಕಪ್ಪ ಕುಂಟು ಕಾಲನ್ನು ಒಂದು ಮಾತಾಗಿಯೂ ಎತ್ತದೆ ಮದುವೆಯಾದರು. ನಾನು ಕಾಲೇಜು ಮುಗಿಸಿದ ವರ್ಷ ಅಜ್ಜಿ ತೀರಿಕೊಂಡರು. ಬೆಳಗಿನ ಹೊತ್ತು, ಅಮ್ಮ ಒಲೆಯ ಮುಂದಿದ್ದಳು. ಜಗಲಿಯಿಂದ ಅಜ್ಜಿ, "ಓ, ಬಂದೆ" ಎಂದದ್ದು ಕೇಳಿತಂತೆ. ಬರೀ ಓ ಅಲ್ಲ, ಬಂದೆ ಎಂದೂ ಹೇಳಿದ್ದು ಅದೇ ಮೊದಲು. ಅಮ್ಮ ಸೌಟು ಬಿಟ್ಟು ಹೊರಗೆ ಬಂದಾಗ ಅವರು ಕಂಬಕ್ಕೊರಗಿಯೇ ಇದ್ದರು. ಆಮೇಲೆ ಮನೆ ಉಳಿಯಲಿಲ್ಲ. ಅಪ್ಪ ಊರಿಗೆ ಬಂದು ಉಡುಪಿಯಲ್ಲಿ ಮನೆ ಮಾಡಿದ. ಪದವಿನ ಜಾಗವನ್ನು ಯಾರೋ ಕೊಂಡು, ಜೆಸಿಬಿ ತಂದು, ಕೋರೆಗೆ ಮಣ್ಣು ತುಂಬಿ ಸಪಾಟು ಮಾಡಿ, ಸೈಟುಗಳ ಕಲ್ಲು ನೆಟ್ಟರು. ಕಳೆದ ವರ್ಷ ನಾನು ಅಲ್ಲಿಗೆ ಹೋಗಿದ್ದೆ. ಕಲ್ಲುಗಳು ಕಾಣಿಸಲಿಲ್ಲ, ಅಂಗಳವೂ ಕಾಣಿಸಲಿಲ್ಲ. ಕಣ್ಣು ಹಾಯುವಷ್ಟೂ ಗಿಡ, ಗಿಡದ ತುಂಬ ಹೂ. ನಾನು ಕಾರಿನಿಂದ ಇಳಿಯಲಿಲ್ಲ.

ಅಲ್ಲಿಂದ ನೇರ ಕಾರ್ಕಳಕ್ಕೆ ಹೋದೆ. ಚಿಕ್ಕಮ್ಮ ಹಿತ್ತಿಲಿನ ಕಲ್ಲಿನ ಮೇಲೆ ಬಂಗುಡೆ ಮೀನು ಶುಚಿ ಮಾಡುತ್ತಿದ್ದರು. ಮಲ್ಪೆಯ ಮೀನು ಅವತ್ತು ಅಗ್ಗಕ್ಕೆ ಸಿಕ್ಕಿತಂತೆ. ಕೂದಲು ಬೆಳ್ಳಗಾಗಿದೆ. ಊರು, ಮನೆ, ಅಮ್ಮನ ಮಂಡಿನೋವು ಎಲ್ಲ ಮಾತಾಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಜ್ಜಿ ಹೋಗಿ ಇಷ್ಟು ಕಾಲವಾಗಿದೆ, ಇನ್ನು ಯಾರನ್ನು ಕಾಪಾಡಬೇಕಾಗಿದೆ?

"ಚಿಕ್ಕಮ್ಮ, ಅವತ್ತು ಕರೆದದ್ದು ನೀವೇ ಅಲ್ವಾ?"

ಅವರು ಕತ್ತಿಯನ್ನು ನೀರಿಗೆ ಹಿಡಿದರು. "ಹೌದು. ಒಂದು ಸಲ."

"ಇನ್ನೊಂದು ಸಲ ಕರೀಬಾರದಿತ್ತಾ? ನಮ್ಮ ಮನೆಯ ಕ್ರಮ ನಿಮಗೆ ಗೊತ್ತಿರಲಿಲ್ವಾ?"

"ಇನ್ನೊಂದು ಸಲ ಎಂತಕ್ಕೆ?" ಚಿಕ್ಕಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. "ಅಪ್ಪೆ ಓ ಅಂದರಲ್ಲ."

ನನ್ನ ಕಣ್ಣ ಮುಂದೆ ಅವತ್ತಿನ ಅಜ್ಜಿ ಬಂದರು. ಅಂಗೈಯ ಸುಣ್ಣದ ವಾಸನೆ, ಒತ್ತಿ ಹಿಡಿದ ತುಟಿ, ಗಲ್ಲಕ್ಕೆ ಇಳಿದ ಕೆಂಪು ರಸ. ಆ ತುಟಿ ತೆರೆಯಲಿಲ್ಲ. ತೆರೆಯಲಿಲ್ಲವೆಂದು ನಾನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ.

"ಎಲ್ಲಿಂದ ಅಂದರು?"

"ಹತ್ತಿರದಿಂದಲೇ. ಹೊಂಡದ ಬದಿಯ ಗಿಡದ ಒಳಗಿಂದ. ಜೋರಾಗಿ ಅಲ್ಲ, ಮೆಲ್ಲ. ಮಕ್ಕಳು ಎದ್ದು ಕರೆದರೆ ತಾಯಂದಿರು ಹೇಳ್ತಾರಲ್ಲ, ಹಾಗೆ. ನನಗೆ ಜೀವ ಬಂದ ಹಾಗಾಯ್ತು. ಅಪ್ಪೆ ಬರ್ತಾರೆ ಅಂತ ಸೊಪ್ಪು ಅಗಿದು ಕಟ್ಟಿಕೊಂಡು ಕಾದೆ. ಕಾದು ಕಾದು ಕಣ್ಣು ಕತ್ತಲೆ ಬಂತು." ಅವರು ಇನ್ನೊಂದು ಮೀನು ಎತ್ತಿಕೊಂಡರು. "ಬರಲಿಲ್ಲ. ಆ ಗಿಡದಲ್ಲಿ ದಾರಿ ಸಿಗಲಿಲ್ಲ ಅಂತ ಕಾಣ್ತದೆ, ಪಾಪ. ಆಸ್ಪತ್ರೆಯಲ್ಲಿ ಕೇಳಿದರಲ್ಲ, ಕರೆದೆಯಾ ಅಂತ. ಹೌದು ಅಂದರೆ, ಓ ಅಂದು ಬರಲಿಕ್ಕೆ ಆಗಲಿಲ್ಲ ಅಂತ ಸಾಯುವವರೆಗೆ ಕೊರಗುವುದಿಲ್ವಾ ಅವರು? ಅದಕ್ಕೆ ಇಲ್ಲ ಅಂದೆ. ಆದರೂ ಕೊರಗಿದರು. ಓ, ಓ ಅಂತ ಇದ್ದದ್ದು ಅದಕ್ಕೇ ಅಲ್ವಾ ಮತ್ತೆ?"

ಅಂದರೆ ಇಷ್ಟು ವರ್ಷ ತಾಯಿ ಒಂದನ್ನು ಅಡಗಿಸಿದ್ದರು, ಮಗಳು ಇನ್ನೊಂದನ್ನು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿದಿದ್ದರೆ ಇಬ್ಬರೂ ಕಿರುಚಿ ಎದ್ದು ಬಿಡುತ್ತಿದ್ದರು. ಈಗ ಎರಡೂ ಗೊತ್ತಿರುವುದು ನನಗೊಬ್ಬಳಿಗೆ. ನಾನು ತೋಳಿನ ಮೇಲೆ ಸೆರಗು ಹೊದ್ದುಕೊಂಡೆ.

"ನೀನು ಅಪ್ಪೆಯ ಹತ್ತಿರವೇ ಇದ್ದೆಯಲ್ಲ ಸುಜಾ," ಎಂದರು ಚಿಕ್ಕಮ್ಮ, ಮೀನಿನಿಂದ ಕಣ್ಣೆತ್ತದೆ. ದನಿ ಸ್ವಲ್ಪ ಸಣ್ಣದಾಗಿತ್ತು. "ನಿನಗೆ ಕೇಳಿತ್ತಲ್ವಾ, ಅವರು ಓ ಅಂದದ್ದು?"

"ಕೇಳಿತ್ತು" ಎಂದೆ.

"ಹುಡುಕಲಿಕ್ಕೆ ಬಂದಿದ್ದರಾ?"

"ಆಗಲೇ ಎದ್ದು ಓಡಿದ್ದರು. ಗಿಡ ತುಂಬ ದಟ್ಟ ಇತ್ತು ಚಿಕ್ಕಮ್ಮ. ದಾರಿ ಸಿಗಲಿಲ್ಲ."

ಚಿಕ್ಕಮ್ಮನ ಕೈ ನಿಂತಿತು. ಎಷ್ಟೋ ವರ್ಷದ ಹೊರೆ ಇಳಿಸಿದವರ ಹಾಗೆ ಉಸಿರು ಬಿಟ್ಟು, ಒದ್ದೆ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು ನಕ್ಕರು.

"ನನಗೆ ಗೊತ್ತಿತ್ತು," ಎಂದರು. "ಅಪ್ಪೆ ಅಲ್ಲದೆ ಅಲ್ಲಿ ಓ ಅನ್ನಲಿಕ್ಕೆ ಬೇರೆ ಯಾರಿದ್ದರು?"